ಒಂದು ಗೇಣು ಆಳದ ಕಡಲು

ಟಾರ್ಪನ್ ಸ್ಪ್ರಿಂಗ್ಸ್, ಫ್ಲಾರಿಡಾ
ಗುರುವಾರ, ಜನವರಿ 5, 2023

ಯಜಮಾನರಾದ ನೊಮಿಕೋಸರಿಗೆ ಸೆವಾಸ್ತಿಯ ನಮಸ್ಕಾರ.

ನಾಳೆ ಶಿಲುಬೆಯನ್ನು ನೀರಿಗೆ ಎಸೆಯುವ ಹಬ್ಬ, ಹಾಗಾಗಿ ಇವತ್ತು ಕಟ್ಟುಪವಾಸ. ಅಡುಗೆಗೆ ಎಣ್ಣೆ ಇಲ್ಲ, ದೇವರ ದೀಪಕ್ಕೆ ಮಾತ್ರ. ಬೆಳಿಗ್ಗೆ ಎದ್ದು ದೀಪ ಹಚ್ಚಿ, ಅಂಗಳ ಗುಡಿಸಿ, ಹಾಸಿಗೆ ಬಟ್ಟೆ ಒಗೆದು ಹರವಿದೆ. ನಾಲ್ಕು ಆಲಿವ್ ಕಾಯಿ, ಒಂದು ಚೂರು ಬ್ರೆಡ್ ತಿಂದೆ. ಆಮೇಲೆ ನೀವು ಹವಳ ಸಾಕುವ ಗಾಜಿನ ತೊಟ್ಟಿ. ಆವಿಯಾದಷ್ಟು ಸಿಹಿನೀರನ್ನು ನೀವು ಅಂಟಿಸಿಹೋದ ಪಟ್ಟಿಯವರೆಗೆ ತುಂಬಿದೆ, ಗಾಜಿನ ಪಾಚಿ ಕೆರೆದೆ, ಉಪ್ಪು ಅಳೆದೆ. ನೀವು ಹೇಳಿಕೊಟ್ಟಿದ್ದರಲ್ಲಿ ಒಂದನ್ನೂ ಬಿಟ್ಟಿಲ್ಲ.

ಆದರೂ ಒಂದು ತಪ್ಪಾಗಿದೆ. ಬೇರೆಯವರಿಂದ ತಿಳಿಯುವುದಕ್ಕಿಂತ ನಾನೇ ಬರೆಯುವುದು ಒಳ್ಳೆಯದು. ಕಳೆದ ವಾರ ಗಾಜು ಒರೆಸುವಾಗ ಉದ್ದ ಕೈಗಳ ಹಸಿರು ಹವಳವನ್ನು ನಾಲ್ಕು ಬೆರಳಿನಷ್ಟು ಪಕ್ಕಕ್ಕೆ ಸರಿಸಿದ್ದೆ. ವಾಪಸು ಇಡುವುದು ಮರೆತೆ. ಹಗಲಲ್ಲಿ ಅದು ಎಷ್ಟು ಸಾಧು! ತೊಟ್ಟಿಯ ದೀಪ ಆರಿದ ಮೇಲೆ ದಾರದಂಥ ಕೈಗಳನ್ನು ಚಾಚಿ ಪಕ್ಕದ ಗುಲಾಬಿ ಕೊಂಬಿನ ಹವಳವನ್ನು ಸುಟ್ಟಿದೆ. ಬೆಳಿಗ್ಗೆ ನೋಡಿದರೆ ಅರ್ಧ ಮೈ ಚರ್ಮ ಸುಲಿದು ಬಿಳಿ ಎಲುಬು ಕಾಣುತ್ತಿತ್ತು. ಸುಲಿದ ಚರ್ಮ ನೀರಲ್ಲಿ ಲೋಳೆಯಂತೆ ತೇಲುತ್ತಿತ್ತು. ಮೂರನೆಯ ದಿನಕ್ಕೆ ಪೂರ್ತಿ ಸತ್ತಿತು. ಅದು ನಿಮಗೆ ಎಷ್ಟು ಮುಖ್ಯ ಎಂದು ಗೊತ್ತು. ಕ್ಷಮಿಸಬೇಕು.

ಚರ್ಚಿನ ಮುದುಕಿಯೊಬ್ಬಳು ಮನೆಗೆ ಬಂದಿದ್ದಳು. ತೊಟ್ಟಿಯ ಮೇಲೆ ಬಗ್ಗಿ ನೋಡಿ, "ಏನೇ ಇದು! ನಮ್ಮ ಗಂಡಸರು ಸ್ಪಾಂಜಿಗೆ ಅಂತ ಸಮುದ್ರದ ತಳಕ್ಕೆ ಹೋಗಿ ಕಾಲು ಸಾಯಿಸ್ಕೊಂಡು ಬಂದ್ರು. ನಿನ್ನ ಗಂಡ ಜಾಣ ನೋಡು, ಸಮುದ್ರಾನೇ ಅಡುಗೆಮನೆ ಪಕ್ಕ ತಂದಿಟ್ಟವ್ನೆ, ಅದೂ ಒಂದು ಗೇಣು!" ಎಂದಳು. ನನಗೆ ನಗು ಬಂತು.

ಅತ್ತೆಯವರ ಸುದ್ದಿ ಕೇಳಿದ್ದಿರಿ. ಬೆನ್ನುನೋವು ಬಿಟ್ಟರೆ ಚೆನ್ನಾಗಿದ್ದಾರೆ.

ಸೆವಾಸ್ತಿ

*

ಗುರುವಾರ, ಜನವರಿ 19

ಸೆವಾಸ್ತಿ,

ನಾಲ್ಕು ಬೆರಳು ಸರಿಸಿದೆ ಎಂದು ಎಷ್ಟು ಸಲೀಸಾಗಿ ಬರೆದಿದ್ದೀಯ. ಆ ನಾಲ್ಕು ಬೆರಳನ್ನೂ ಒಂದೊಂದಾಗಿ ಮುರಿಯಬೇಕು ಅನ್ನಿಸಿತು. ಈ ಜೈಲಿನಲ್ಲಿ ಗ್ರೀಕ್ ಓದಬಲ್ಲ ಕಾವಲಿನವನು ಒಬ್ಬನೂ ಇಲ್ಲ, ಹಾಗಾಗಿ ಮನಸ್ಸಿನಲ್ಲಿರುವುದನ್ನೇ ಬರೆಯುತ್ತೇನೆ. ಆ ಗುಲಾಬಿ ಉಗುರಿನಷ್ಟಿದ್ದಾಗ ನಾನೇ ಅಂಟು ಹಾಕಿ ಕೂರಿಸಿದ್ದು. ಏಳು ವರ್ಷ ಸಾಕಿದೆ. ಅದರಷ್ಟು ಜೋಪಾನವಾಗಿ ಯಾರನ್ನೂ ನೋಡಿಕೊಂಡಿಲ್ಲ.

ಒಂದು ಮಾತು ತಲೆಯಲ್ಲಿಟ್ಟುಕೋ. ಹವಳ ಹೂವಲ್ಲ. ಅದಕ್ಕೆ ಜಾಗ ಬೇಕು, ಜಾಗಕ್ಕಾಗಿ ಕೊಲ್ಲುತ್ತದೆ. ಆಳದ ತೊಟ್ಟಿಯಾದರೆ ಒಂದು ಮೇಲೆ ಒಂದು ಕೆಳಗೆ ಬದುಕಿಕೊಳ್ಳುತ್ತವೆ. ನಮ್ಮದು ಗೇಣು ಆಳದ್ದು, ಎಲ್ಲವೂ ಒಂದೇ ಮಟ್ಟದಲ್ಲಿ ಎದುರುಬದುರು. ಹಾಗಾಗಿ ನಡುವೆ ಒಂದು ಅಂಗೈ ಬಿಡಬೇಕು. ಬೆಳೆದು ತಾಗಿದರೆ ಎಲುಬು ಕತ್ತರಿಸುವ ಇಕ್ಕಳ ತೆಗೆದುಕೊಂಡು ಕತ್ತರಿಸು. ಅಯ್ಯೋ ಪಾಪ ಎನ್ನಬೇಡ. ಕತ್ತರಿಸಿದ ತುಣುಕನ್ನು ಕಲ್ಲಿನ ಬಿಲ್ಲೆಗೆ ಅಂಟಿಸು, ಹೊಸದು ಬೆಳೆಯುತ್ತದೆ.

ಮೂಲೆಯಲ್ಲಿ ಅಂಗಿಯ ಗುಂಡಿಗಳಂತೆ ಹರಡಿರುವ ಗುಂಡಿ ಹವಳದ ಬಂಡೆಯನ್ನು ಮಾತ್ರ ಮುಟ್ಟಬೇಡ. ಅದನ್ನು ನಾನೇ ಕೈಗವಸು, ಕನ್ನಡಕ ಹಾಕಿಕೊಂಡು ಮುಟ್ಟುತ್ತಿದ್ದದ್ದು ನೋಡಿದ್ದೀಯಲ್ಲ. ಅದು ನಿನ್ನಂಥವರ ಕೆಲಸವಲ್ಲ.

ಆ ವೆಂಡೆಲ್ ಟಟ್ಲ್ ಇನ್ನೂ ಹವಳದ ಅಂಗಡಿ ನಡೆಸುತ್ತಿದ್ದಾನಂತೆ, ಒಂದೇ ಕಣ್ಣಿನಲ್ಲಿ. ಸಂತೆಯ ದಿನ ಅಷ್ಟು ಜನರ ಎದುರು ನನ್ನ ಹವಳಕ್ಕೆ ಹುಳ ಬಿದ್ದಿದೆ ಎಂದು ಮೇಜಿನಿಂದ ಎತ್ತಿಟ್ಟವನು. ಇಕ್ಕಳ ಕೈಯಲ್ಲೇ ಇತ್ತು. ನನಗೆ ಪಶ್ಚಾತ್ತಾಪ ಇಲ್ಲ. ಇನ್ನೊಂದು ಕಣ್ಣು ಉಳಿಯಿತಲ್ಲ ಎಂಬುದೊಂದೇ ಬೇಸರ.

ಮೇ 12ಕ್ಕೆ ಬಿಡುಗಡೆ. ತೊಟ್ಟಿ ನಾನು ಬಿಟ್ಟಂತೆ ಇರಲಿ. ಇಲ್ಲದಿದ್ದರೆ ಈ ಸಲವೂ ನೀನು ಏಣಿಯಿಂದ ಬಿದ್ದೆ ಎಂದು ಡಾಕ್ಟರಿಗೆ ಹೇಳಬೇಕಾಗುತ್ತದೆ.

ಅಮ್ಮ ತಂಗಿಯ ಮನೆಯಲ್ಲಿ ಜ್ಯಾಕ್ಸನ್‌ವಿಲ್‌ನಲ್ಲಿ ಆರಾಮವಾಗಿರಬೇಕು. ಅವಳಿಗೆ ಯಾಕೆ ಒಂದು ಸಾಲು ಬರೆಯುವ ಪುರುಸೊತ್ತಿಲ್ಲ?

ನೊಮಿಕೋಸ್

*

ಟಾರ್ಪನ್ ಸ್ಪ್ರಿಂಗ್ಸ್
ಸೋಮವಾರ, ಫೆಬ್ರವರಿ 27

ಯಜಮಾನರಿಗೆ,

ಇವತ್ತಿನಿಂದ ದೊಡ್ಡ ಉಪವಾಸ ಶುರು. ಸುಮಾರು ಐವತ್ತು ದಿನ ಮಾಂಸ, ಮೀನು, ಹಾಲು, ಮೊಟ್ಟೆ ಇಲ್ಲ. ನಿನ್ನೆ ಸಂಜೆ ಚರ್ಚಿನಲ್ಲಿ ಎಲ್ಲರೂ ಒಬ್ಬರ ಮುಂದೆ ಒಬ್ಬರು ಬಗ್ಗಿ ಕ್ಷಮೆ ಕೇಳಿಕೊಂಡೆವು. ನೀವು ಎದುರಿಗಿರಲಿಲ್ಲ. ಇಲ್ಲಿಂದಲೇ ಕೇಳುತ್ತೇನೆ, ಕ್ಷಮಿಸಿ. ನಾನೂ ನಿಮ್ಮನ್ನು ಕ್ಷಮಿಸಿದ್ದೇನೆ.

ಆದರೆ ಬಿಡುಗಡೆಯಾದ ಮೇಲೆ ಈ ಮನೆಗೆ ಬರಬೇಡಿ.

ಈ ಸಾಲು ಬರೆಯಲು ನನಗೆ ಒಂದು ತಿಂಗಳು ಬೇಕಾಯಿತು. ನೀವು ಹೇಳಿದ ಹಾಗೆ ಇಕ್ಕಳ ಹಿಡಿದು ಹಸಿರು ಹವಳವನ್ನು ಕತ್ತರಿಸಿದೆ. ಕಟಕ್ ಎಂದಿತು, ಅಷ್ಟೇ. ಹತ್ತು ದಿನಕ್ಕೆ ಗಾಯ ಮುಚ್ಚಿತು. ಈಗ ಬಿಲ್ಲೆಗಳ ಮೇಲೆ ಹನ್ನೊಂದು ಮರಿಗಳಿವೆ. ಅವನ್ನು ನೋಡುತ್ತಾ ನಿಂತಾಗಲೇ ಇದು ಮನಸ್ಸಿಗೆ ಬಂದದ್ದು.

ಫಾದರ್ ಪೈಸಿಯೋಸರ ಹತ್ತಿರ ಪಾಪ ಒಪ್ಪಿಕೊಂಡೆ. ಕೋರ್ಟಿನಲ್ಲಿ ಸುವಾರ್ತೆಯ ಮೇಲೆ ಕೈಯಿಟ್ಟು, ನನ್ನ ಗಂಡ ಮನೆಯಲ್ಲಿ ಯಾವತ್ತೂ ಕೈಯೆತ್ತಿದವರಲ್ಲ ಎಂದಿದ್ದೆ. ಅದಕ್ಕೇ ನಿಮಗೆ ಶಿಕ್ಷೆ ಕಡಿಮೆಯಾಯಿತು. ಫಾದರ್, "ಸೆವಾಸ್ತಿ, ನಿನ್ನ ದವಡೆ ಸೊಟ್ಟಗಿರೋದು ಈ ಊರಿಗೆಲ್ಲ ಕಾಣುತ್ತೆ. ಆ ಏಣಿ ಎಲ್ಲಿದೆ ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಪಾಪ ನಿನ್ನೊಬ್ಬಳದೇ ಅಲ್ಲಮ್ಮ" ಎಂದರು. ಅವರ ಕಣ್ಣಲ್ಲಿ ನೀರಿತ್ತು.

ದವಡೆ ಒಂದು ಸಲ. ಪಕ್ಕೆಲುಬು ಎರಡು ಸಲ. ನನಗೆ ಎಲ್ಲಕ್ಕಿಂತ ನೆನಪಿರುವುದು ಹವಳಕ್ಕೆ ವಿಷವಾದ, ಗಾಜು ಒರೆಸುವ ನೀಲಿ ನೀರನ್ನು ತೊಟ್ಟಿ ಪಕ್ಕದ ಕಿಟಕಿಗೆ ಹೊಡೆದೆನೆಂದು ನೀವು ನನ್ನ ಜುಟ್ಟು ಹಿಡಿದು ಮುಖವನ್ನು ತೊಟ್ಟಿಯಲ್ಲಿ ಅದುಮಿದ್ದು. ಕಣ್ಣು ಬಿಟ್ಟೇ ಇತ್ತು. ಬಣ್ಣಬಣ್ಣದ ಹವಳಗಳು ಮೂಗಿಗೆ ತಾಗುವಷ್ಟು ಹತ್ತಿರ. ಗೇಣು ಆಳ ಏನು ಮಹಾ ಎಂದು ಜನ ನಗುತ್ತಾರೆ. ಒಬ್ಬ ಹೆಂಗಸು ಸಾಯಲು ಅಷ್ಟು ನೀರು ಧಾರಾಳ. ಎತ್ತಿದ ಮೇಲೆ ನೀವು ನನ್ನ ಮುಖ ನೋಡಲಿಲ್ಲ, ಯಾವ ಹವಳ ಮುರಿದಿದೆ ಎಂದು ನೋಡಿದಿರಿ.

ಈ ಮನೆ ನನ್ನದು. ನಮ್ಮ ಕಾಲಿಮ್ನೋಸ್ ದ್ವೀಪದಲ್ಲಿ ಮನೆ ಹೆಣ್ಣಿಗೇ ಹೋಗುವುದು, ಗಂಡ ಬಂದು ಸೇರಿಕೊಳ್ಳುವವನು ಎಂಬುದು ನಿಮಗೂ ಗೊತ್ತು. ದೊಡ್ಡಮ್ಮ ಸಾಯುವಾಗ ಇದನ್ನು ನನ್ನ ಹೆಸರಿಗೆ ಬರೆದರು. ತೊಟ್ಟಿ ನಿಮ್ಮದು. ಯಾರಿಗೆ ಕೊಡಬೇಕೆಂದು ಹೇಳಿ, ಜೋಪಾನವಾಗಿ ಕೊಡುತ್ತೇನೆ.

ಸೆವಾಸ್ತಿ

*

ಸೋಮವಾರ, ಮಾರ್ಚ್ 6

ಯಾರ ಮನೆ? ಯಾರ ಮನೆ ಎಂದು ಇನ್ನೊಂದು ಸಲ ಬರೆ ನೋಡೋಣ. ಇಪ್ಪತ್ತಾರು ವರ್ಷ ಅದರ ಚಾವಣಿಗೆ ಟಾರು ಬಳಿದವನು ನಾನು. ಪಾದ್ರಿ ಹೇಳಿಕೊಟ್ಟನಾ? ಆ ಒಕ್ಕಣ್ಣ ಹೇಳಿಕೊಟ್ಟನಾ? ಮೇ 12ನೇ ತಾರೀಖು ಬಾಗಿಲು ತೆಗೆದಿರಬೇಕು. ಮುಚ್ಚಿದ್ದರೆ ಬಾಗಿಲನ್ನೂ ಒಡೆಯುತ್ತೇನೆ, ಹಿಂದೆ ನಿಂತವಳನ್ನೂ ಒಡೆಯುತ್ತೇನೆ. ಈ ಸಲ ಅರ್ಧಕ್ಕೆ ಎತ್ತುವುದಿಲ್ಲ.

*

ಸೋಮವಾರ, ಮಾರ್ಚ್ 20

ಪ್ರೀತಿಯ ಸೆವಾಸ್ತಿ,

ಎರಡು ವಾರವಾಯಿತು, ನೀನು ಉತ್ತರ ಬರೆದಿಲ್ಲ. ಬರೆಯದೆ ಇದ್ದದ್ದೇ ಒಳ್ಳೆಯದಾಯಿತು. ಹಿಂದಿನ ಕಾಗದವನ್ನು ಬರೆದವನು ನಾನಲ್ಲ, ನನ್ನೊಳಗಿನ ಪಿಶಾಚಿ. ಅದನ್ನು ಸುಟ್ಟುಬಿಡು. ಇಲ್ಲಿಯ ಚರ್ಚಿಗೆ ಬರುವ ಪಾದ್ರಿಯ ಹತ್ತಿರ ಕುಳಿತು ಅತ್ತುಬಿಟ್ಟೆ. ನಿನ್ನ ಮಾತೇ ಸರಿ. ಮನೆ ನಿನ್ನದು. ಹೊರಗೆ ಬಂದ ಮೇಲೆ ಪೆನ್ಸಕೋಲಾದಲ್ಲಿ ದೋಣಿ ಕೆಲಸ ನೋಡಿಕೊಳ್ಳುತ್ತೇನೆ. ನಿನ್ನ ದಾರಿಗೆ ಅಡ್ಡ ಬರುವುದಿಲ್ಲ.

ತೊಟ್ಟಿಯನ್ನು ಚರ್ಚಿನ ಭಾನುವಾರದ ಶಾಲೆಗೆ ಕೊಡು. ಮಕ್ಕಳು ನೋಡಲಿ. ಆದರೆ ಕೊಡುವ ಮುಂಚೆ ಒಂದು ಕೆಲಸ ಮಾಡಬೇಕು, ಇದನ್ನು ನಿನ್ನ ಹತ್ತಿರ ಒಪ್ಪಿಕೊಳ್ಳಲು ನಾಚಿಕೆ. ವೆಂಡೆಲ್ ಅಂದು ಹೇಳಿದ್ದು ನಿಜ. ಮೂಲೆಯ ಗುಂಡಿ ಹವಳದ ಬಂಡೆಯಲ್ಲಿ ಹುಳ ಇದೆ. ಹಾಗೇ ಕೊಟ್ಟರೆ ಮಕ್ಕಳ ತೊಟ್ಟಿಯೆಲ್ಲ ಹಾಳು. ಪಾಪ ನಮಗೆ ಸುತ್ತಿಕೊಳ್ಳುತ್ತದೆ.

ಆ ಬಂಡೆಯನ್ನು ಎತ್ತಿ ದೊಡ್ಡ ಹಂಡೆಯಲ್ಲಿ ಹಾಕಿ ಚೆನ್ನಾಗಿ ಕುದಿಸು. ಒಂದು ಗಂಟೆಯಾದರೂ ಬೇಕು. ಪಕ್ಕದಲ್ಲೇ ನಿಂತು ಸೌಟಿನಿಂದ ಉಜ್ಜುತ್ತಾ ಇರು, ಗುಂಡಿಗಳೆಲ್ಲ ಬಿಟ್ಟುಕೊಳ್ಳುತ್ತವೆ. ನಾತ ಬರುತ್ತದೆ, ನೆರೆಯವರು ದೂರು ಕೊಟ್ಟಾರು, ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿಕೋ. ಕೈಗವಸು ಬೇಡ, ಬಿಸಿಗೆ ಜಾರುತ್ತದೆ. ಮನೆಯಲ್ಲಿ ಯಾರೂ ಇಲ್ಲದಾಗ ನೀನೊಬ್ಬಳೇ ಮಾಡು. ನಮ್ಮ ಹವಳಕ್ಕೆ ಹುಳ ಬಿದ್ದಿತ್ತೆಂದು ಊರಿಗೆ ತಿಳಿಯುವುದು ಬೇಡ. ಅಷ್ಟು ಮರ್ಯಾದೆ ಉಳಿಸು.

ಇದೊಂದನ್ನು ಮಾಡಿದರೆ ನಾನು ನಿನ್ನನ್ನು ಇನ್ನೇನೂ ಕೇಳುವುದಿಲ್ಲ.

ನಿನ್ನ
ನೊಮಿಕೋಸ್

*

ಟಾರ್ಪನ್ ಸ್ಪ್ರಿಂಗ್ಸ್
ಶನಿವಾರ, ಮಾರ್ಚ್ 25

ಯಜಮಾನರಿಗೆ,

ಇವತ್ತು ದೇವದೂತ ಮಾತೆಗೆ ಸುದ್ದಿ ತಂದ ದಿನ, ಉಪವಾಸದ ನಡುವೆ ಮೀನಿಗೆ ಅಪ್ಪಣೆ. ಉಪ್ಪುಮೀನು ಕರಿದು ಬೆಳ್ಳುಳ್ಳಿ ಅರೆದೆ. ನಿಮ್ಮ ಕಾಗದ ಊಟದ ಹೊತ್ತಿಗೆ ಬಂತು. ಓದಿ ಅಲ್ಲೇ ಕುರ್ಚಿಯಲ್ಲಿ ಕೂತು ಅತ್ತುಬಿಟ್ಟೆ. ದುಃಖಕ್ಕಲ್ಲ. ಇಷ್ಟು ವರ್ಷ ನಿಮ್ಮ ಹೆಸರಿನಲ್ಲಿ ಹಚ್ಚಿದ ಮೇಣದಬತ್ತಿಗಳು ಯಾರಿಗೂ ಕಾಣಲಿಲ್ಲ ಎಂದುಕೊಂಡಿದ್ದೆ.

ನೀವು ನಿಮ್ಮ ತಪ್ಪನ್ನು ಬರೆದು ಒಪ್ಪಿಕೊಂಡದ್ದು ಇದೇ ಮೊದಲು, ಹುಳದ ವಿಷಯವಾದರೂ ಸರಿ. ಮುಂದಿನ ಶುಕ್ರವಾರ ಬಂಡೆ ಕುದಿಸುತ್ತೇನೆ. ಈಸ್ಟರ್ ಮೊಟ್ಟೆಗೆ ಕೆಂಪು ಬಣ್ಣ ಹಾಕುವ ಹಂಡೆ ಸಾಕಾಗುತ್ತದೆ. ಪವಿತ್ರ ವಾರಕ್ಕೆ ಮುಂಚೆ ತೊಟ್ಟಿ ಚರ್ಚಿಗೆ ಹೋಗುತ್ತದೆ. ಮರ್ಯಾದೆಯ ವಿಷಯ ಯೋಚಿಸಬೇಡಿ, ಊರಿನಲ್ಲಿ ಯಾರಿಗೂ ಹೇಳುವುದಿಲ್ಲ.

ದೇವರು ನಿಮ್ಮನ್ನು ಕಾಯಲಿ.

ಸೆವಾಸ್ತಿ

*

ಬುಧವಾರ, ಏಪ್ರಿಲ್ 12

ಸೆವಾಸ್ತಿ,

ಹನ್ನೆರಡು ದಿನವಾಯಿತು. ಕುದಿಸಿದೆಯಾ? ಮನೆಗೆ ಫೋನ್ ಮಾಡಿಸಿದೆ, ಯಾರೂ ಎತ್ತಲಿಲ್ಲ. ಯಾರಾದರೂ ಇದ್ದರೆ ಈ ಕಾಗದ ನೋಡಿ ನನ್ನ ಹೆಂಡತಿಯ ಆರೋಗ್ಯ ಹೇಗಿದೆ ಎಂದು ತಿಳಿಸಬೇಕು. ಗಂಡನಾದವನಿಗೆ ಇಲ್ಲಿ ಕೂತು ಎಷ್ಟು ಯೋಚನೆಯಾಗುತ್ತದೆ ಎಂದು ದೇವರಿಗೇ ಗೊತ್ತು.

ಅಮ್ಮನಿಗೆ ಜ್ಯಾಕ್ಸನ್‌ವಿಲ್‌ಗೆ ಸುದ್ದಿ ಮುಟ್ಟಿಸಿ. ಇಂಥ ಹೊತ್ತಿನಲ್ಲಿ ಮುದುಕಿ ಅಷ್ಟು ದೂರ ಒಬ್ಬಳೇ ಕೂತಿರುವುದು ಬೇಡ.

ನೊಮಿಕೋಸ್

*

ಟಾರ್ಪನ್ ಸ್ಪ್ರಿಂಗ್ಸ್
ಸೋಮವಾರ, ಏಪ್ರಿಲ್ 24

ನೊಮಿಕೋಸ್,

ಇವತ್ತು ಉಪವಾಸವಿಲ್ಲ. ಈಸ್ಟರ್ ಕಳೆದು ಒಂದು ವಾರವಾಯಿತು. ಎಲ್ಲರ ಮನೆಯಲ್ಲೂ ಕುರಿಮಾಂಸ ಬೇಯುತ್ತಿದೆ. ನನಗೆ ಇನ್ನೂ ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ ಹೋಗಿಲ್ಲ.

ಬದುಕಿದ್ದೇನೆ. ನೀನು ಕೇಳಿದ್ದಕ್ಕೆ ಮೊದಲ ಉತ್ತರ ಅದು.

ನಿನ್ನ ಅಮ್ಮ ಜ್ಯಾಕ್ಸನ್‌ವಿಲ್‌ನಲ್ಲಿ ಇರಲಿಲ್ಲ. ಕಳೆದ ನವೆಂಬರಿನಿಂದ ನನ್ನ ಜೊತೆಯಲ್ಲೇ ಇದ್ದರು. ನಿನ್ನ ತಂಗಿ ಅವರನ್ನು ಮುದುಕರ ಆಶ್ರಮಕ್ಕೆ ಹಾಕಿದ್ದಳು. ಅಲ್ಲಿಂದ ಒಂದು ಚೀಲ ಹಿಡಿದು, ಬಸ್ಸು ಹತ್ತಿ, ಎಂಬತ್ತೆರಡು ವಯಸ್ಸಿನಲ್ಲಿ ಒಬ್ಬರೇ ಬಂದರು. ಬಾಗಿಲಲ್ಲಿ ನಿಂತು, "ಸೆವಾಸ್ತಿ, ಸೊಸೆ ಮನೆಗೆ ಬರೋ ಅತ್ತೆ ನಮ್ಮ ದ್ವೀಪದಲ್ಲೇ ಇಲ್ಲ. ನಾಯಿಗೆ ಹಾಕೋ ಮೂಲೆ ಇದ್ರೂ ಸಾಕು ಕಣೇ" ಎಂದರು. ನಾನು ನಿನಗೆ ಬರೆಯಬಾರದೆಂದು ಐಕಾನಿನ ಮುಂದೆ ಪ್ರಮಾಣ ಮಾಡಿಸಿದರು. "ಆಶ್ರಮಕ್ಕೆ ಹಾಕಿದ್ಲು ಅಂತ ಅವನಿಗೆ ಗೊತ್ತಾದ್ರೆ, ಹೊರಗೆ ಬಂದ ದಿನ ನನ್ನ ಮಗಳನ್ನ ಕೊಲ್ತಾನೆ. ಅವನನ್ನ ಹೆತ್ತೋಳು ನಾನು, ನಂಗೆ ಗೊತ್ತು." ಅದಕ್ಕೇ ಬರೆಯಲಿಲ್ಲ. ಒಂದು ಗೇಣು ಸಮುದ್ರ ಎಂದು ನಕ್ಕ ಮುದುಕಿ ಅವರೇ.

ನಾವಿಬ್ಬರೂ ಎಷ್ಟು ವರ್ಷ ಮಾತಾಡದ ಮಾತನ್ನೆಲ್ಲ ಮಾತಾಡಿದೆವು. ನೀನು ನನ್ನ ದವಡೆ ಮುರಿದ ದಿನ ಆಸ್ಪತ್ರೆಯಲ್ಲಿ ಏಣಿ ಎಂಬ ಮಾತನ್ನು ಮೊದಲು ಆಡಿದ್ದು ಅವರೇ. ಒಂದು ದಿನ ಬಟ್ಟೆ ಮಡಚುತ್ತಾ, "ಆ ಏಣೀನ ನಾನೇ ತಂದಿಟ್ಟೆ ನಿನಗೆ. ನಿನ್ನ ಮಾವನೂ ಹಿಂಗೇ. ನನಗೂ ಒಂದು ಏಣಿ ಇತ್ತು ಕಣೇ" ಎಂದರು. ಆಮೇಲೆ ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದರು.

ಮಾರ್ಚ್ 31, ಶುಕ್ರವಾರ. ಬಂಡೆಯನ್ನು ಹಂಡೆಗೆ ಹಾಕಿ ಒಲೆಯ ಮೇಲಿಟ್ಟೆ. ನೀನು ಹೇಳಿದ ಹಾಗೆ ಕಿಟಕಿ ಬಾಗಿಲು ಮುಚ್ಚಿದೆ. ಇನ್ನೂ ಕುದಿ ಬಂದಿರಲಿಲ್ಲ. ಅಂದು ಸಂಜೆ ಮಾತೆಯ ಸ್ತುತಿಯ ಕೊನೆಯ ಶುಕ್ರವಾರ, ನಾನು ಹಾಡುವ ಸಾಲಿನಲ್ಲಿ ನಿಲ್ಲಬೇಕಿತ್ತು. ಕೆಲಸ ನಾಳೆಗೆ ಬಿಡುತ್ತೇನೆ ಎಂದೆ. ಅತ್ತೆ ನನ್ನ ಕೈಯಿಂದ ಸೌಟು ಕಿತ್ತುಕೊಂಡರು.

"ಹೋಗೇ ನೀನು. ಸಮುದ್ರದ ಸಾಮಾನು ತೊಳೆಯೋದು ನನಗೆ ಹೇಳಿಕೊಡ್ತೀಯಾ? ಹತ್ತು ವರ್ಷದವಳಿದ್ದಾಗಿಂದ ಸ್ಪಾಂಜು ತುಳಿದು, ಬಡಿದು, ಅದರ ಕಪ್ಪು ಹಾಲು ಹಿಂಡಿದ ಕೈ ಇದು. ನಾತ ಏನು ಮಾಡುತ್ತೆ? ನಾತಕ್ಕೆ ಸತ್ತಿದ್ರೆ ಕಾಲಿಮ್ನೋಸಲ್ಲಿ ಒಂದು ಹೆಂಗಸೂ ಉಳೀತಿರಲಿಲ್ಲ!"

"ಕಿಟಕಿ ತೆಗೀಬೇಡಿ ಅತ್ತೆ, ನೆರೆಯವರು ಬೈತಾರಂತೆ."

"ಬೈಯಲಿ ಬಿಡು, ನನಗೆ ಇಂಗ್ಲಿಷೇ ಬರಲ್ಲ."

ಆದರೂ ಅವರು ಕಿಟಕಿ ತೆಗೆಯಲಿಲ್ಲ. ನನ್ನ ಮಾತು ನಡೆಸಿದರು. ನಾನು ಹೇಳಿದ್ದು ನಿನ್ನ ಮಾತು.

ಎರಡು ಗಂಟೆ ಕಳೆದ ಮೇಲೆ ಚರ್ಚಿನಿಂದ ಬಂದೆ. ಬಾಗಿಲು ತೆಗೆದಾಗ ಆವಿ ಮುಖಕ್ಕೆ ಹೊಡೆಯಿತು. ಗಂಟಲು ಉರಿಯಿತು. ಅತ್ತೆ ಒಲೆಯ ಕೆಳಗೆ ಮಗ್ಗುಲಾಗಿ ಬಿದ್ದಿದ್ದರು. ಬೆನ್ನು ಬಿಲ್ಲಿನಂತೆ ಬಾಗಿ, ಕೈಕಾಲು ಸೆಟೆದು, ಬೆರಳುಗಳು ಸೌಟಿನ ಹಿಡಿಗೆ ಅಂಟಿಕೊಂಡಂತೆ ಮಡಚಿಕೊಂಡಿದ್ದವು. ಬಿಡಿಸಲು ಆಗಲಿಲ್ಲ. ಪ್ರತಿ ಉಸಿರಿಗೂ ಹರಿದ ತಿದಿಯ ಶಬ್ದ. ಬಾಯಿಂದ ನೊರೆ, ನೊರೆಯಲ್ಲಿ ರಕ್ತ. ಎಳೆದು ಅಂಗಳಕ್ಕೆ ತಂದೆ. ಅಷ್ಟರಲ್ಲಿ ನನ್ನ ತುಟಿ ಮರಗಟ್ಟಿತು, ಕಾಲು ನನ್ನದಲ್ಲ ಎನ್ನುವಂತಾಯಿತು. ಹುಲ್ಲಿನ ಮೇಲೆ ಅವರ ಪಕ್ಕದಲ್ಲೇ ಬಿದ್ದೆ. ಎದುರುಮನೆಯವರು ನೋಡಿ ಆಂಬುಲೆನ್ಸ್ ಕರೆಸಿದರು.

ಆಸ್ಪತ್ರೆಯಲ್ಲಿ ಜ್ವರ ಎಂದರು, ಒಲೆಯ ಗ್ಯಾಸು ಸೋರಿರಬೇಕು ಎಂದರು. ಹಂಡೆಯಲ್ಲಿ ಏನಿತ್ತು ಎಂದು ಕೇಳಿದರು. ಕಲ್ಲು, ಉಪ್ಪುನೀರು ಎಂದೆ. ಅತ್ತೆಯ ಮೂತ್ರ ಕಾಫಿಯ ಬಣ್ಣಕ್ಕೆ ತಿರುಗಿತು. ಮೈಯ ಮಾಂಸ ಒಳಗೇ ಕರಗುತ್ತಿದೆ ಎಂದು ಡಾಕ್ಟರು ಹೇಳಿದರು. ಮೂರು ದಿನ ನೋವಿಗೆ ಹಲ್ಲು ಕಚ್ಚಿ, ಒಂದು ಹಲ್ಲು ಮುರಿಯಿತು. ಏಪ್ರಿಲ್ 4ರಂದು ಬೆಳಿಗ್ಗೆ ಹೋದರು. ಕೊನೆಗೆ ಆಡಿದ್ದು ಇಷ್ಟೇ: "ನಾನು ನಿನ್ನ ಮನೇಲಿದ್ದೆ ಅಂತ ಅವನಿಗೆ ಬರೀಬೇಡ." ಆ ಮಾತನ್ನು ನಾನು ಈಗ ಮುರಿಯುತ್ತಿದ್ದೇನೆ.

ಮಣ್ಣು ಮಾಡಿ ಬಂದ ಮೇಲೆ ವೆಂಡೆಲ್ ಟಟ್ಲನ ಅಂಗಡಿಗೆ ಹೋದೆ. ಅವನ ಕಣ್ಣು ಹೋದ ಕೇಸಿನಲ್ಲಿ ನಾನು ಅವನಿಗೆ ವಿರುದ್ಧವಾಗಿ ಪ್ರಮಾಣ ಮಾಡಿದವಳು. ಬಾಗಿಲಲ್ಲೇ ಓಡಿಸುತ್ತಾನೆ ಎಂದುಕೊಂಡಿದ್ದೆ. ನನ್ನ ಮುಖ ನೋಡಿ ಸ್ಟೂಲು ಎಳೆದುಕೊಟ್ಟ. ಬಂಡೆಯ ವಿಷಯ ಹೇಳಿದೆ. ಅವನ ಕೈಯಲ್ಲಿದ್ದ ಲೋಟ ನಿಂತುಹೋಯಿತು.

"ಕುದಿಸಿದ್ರಾ? ಗುಂಡಿ ಹವಳಾನ? ಅಯ್ಯೋ ತಾಯೀ, ಯಾರು ಹೇಳಿದ್ದು ನಿಮಗೆ?"

"ನನ್ನ ಗಂಡ."

"ನೊಮಿಕೋಸ್?" ಅವನು ಕಪ್ಪು ಕನ್ನಡಕ ತೆಗೆದು ಒರೆಸಿದ. ಒಂದು ಕಡೆ ಬರೀ ಗುಳಿ. "ಅದರಲ್ಲಿರೋ ವಿಷ ಆವಿಯಾದ್ರೆ ಇಡೀ ಮನೆ ಮಂದಿ ಹೋಗ್ತಾರೆ. ಹವಳ ಸಾಕೋರಿಗೆ ಮೊದಲನೇ ಪಾಠ ಅದು. ಹೊಸಬರು ಗೊತ್ತಿಲ್ದೆ ಕುದಿಸ್ತಾರೆ, ಅವನಲ್ಲ. ಇದೇ ಜಾಗದಲ್ಲಿ ನಿಂತು, ಬಂದೋರಿಗೆಲ್ಲ ಅವನೇ ಹೇಳೋನು: ಒಣಗಿಸಬೇಡಿ, ಉಜ್ಜಬೇಡಿ, ಸತ್ರೂ ಕುದಿಸಬೇಡಿ ಅಂತ. ನನ್ನ ಹುಡುಗರಿಗೆ ಕೈಗವಸು ಹಾಕೋದು ಕಲಿಸಿದ್ದೇ ಅವನು. ಹುಳ ಬಿದ್ದಿದ್ದು ಅದಕ್ಕಲ್ಲ ತಾಯೀ, ಅವತ್ತು ಅವನು ತಂದಿದ್ದ ಕೊಂಬಿನ ಹವಳಕ್ಕೆ. ಗುಂಡಿ ಹವಳಕ್ಕೆ ಏನೂ ಆಗಿರಲಿಲ್ಲ."

ನಾನು ಮನೆಗೆ ಬಂದು ನಿನ್ನ ಕಾಗದಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಓದಿದೆ. ನಾನು ಹಳ್ಳಿ ಶಾಲೆಯಲ್ಲಿ ಆರನೆಯ ತರಗತಿಯವರೆಗೆ ಓದಿದವಳು. ಅಷ್ಟು ಓದು ಇದಕ್ಕೆ ಸಾಕಾಯಿತು. ಜನವರಿಯಲ್ಲಿ ಕೈಗವಸು ಹಾಕಿಕೊಂಡೇ ಮುಟ್ಟುತ್ತೇನೆ ಎಂದಿದ್ದೀಯ. ಮಾರ್ಚಿನಲ್ಲಿ ಕೈಗವಸು ಬೇಡ ಎಂದಿದ್ದೀಯ. ಮಾರ್ಚ್ 6ರದ್ದನ್ನು ಸುಡು ಎಂದಿದ್ದೀಯ. ನಾನು ಸುಟ್ಟಿಲ್ಲ.

ನಾನು ದೇವರಿಗೆ ಕೃತಜ್ಞತೆಯ ಮೇಣದಬತ್ತಿ ಹಚ್ಚಿ ಆ ಒಲೆ ಹೊತ್ತಿಸಿದೆ ಎಂಬುದನ್ನು ಸಾಯುವವರೆಗೂ ಮರೆಯುವುದಿಲ್ಲ.

ಸೆವಾಸ್ತಿ

*

ಭಾನುವಾರ, ಏಪ್ರಿಲ್ 30

ಸೆವಾಸ್ತಿ, ನೀನು ಸುಳ್ಳು ಹೇಳುತ್ತಿದ್ದೀಯ. ತಂಗಿಗೆ ಫೋನ್ ಮಾಡಿಸಿದೆ. ಅವಳು ಅತ್ತಳು.

ನೀನು ಮಾಡಿದ್ದು. ಒಲೆ ಹಚ್ಚಿದ್ದು ನೀನು, ಸೌಟು ಕೊಟ್ಟದ್ದು ನೀನು, ಬಾಗಿಲು ಹಾಕಿಕೊಂಡು ಹಾಡಲು ಹೋದದ್ದು ನೀನು. ಐದು ತಿಂಗಳು ನನ್ನ ತಾಯಿಯನ್ನು ನನ್ನಿಂದ ಬಚ್ಚಿಟ್ಟೆ. ಅಮ್ಮ ಆ ಮನೆಯಲ್ಲಿದ್ದಾಳೆ ಎಂದು ಒಂದೇ ಒಂದು ಮಾತು ಬರೆದಿದ್ದರೆ ನಾನು ಕುದಿಸು ಎಂದು ಹೇಳುತ್ತಿದ್ದೆನಾ? ನೀನೊಬ್ಬಳೇ ಮಾಡು ಎಂದು ಸ್ಪಷ್ಟವಾಗಿ ಬರೆದಿದ್ದೆನಲ್ಲ. ಒಬ್ಬಳೇ ಎಂದರೆ ಒಬ್ಬಳೇ.

ಅಮ್ಮ ನನ್ನ ಹೆಸರು ಹೇಳಿದಳಾ? ಅದನ್ನೊಂದು ಬರೆ.

ಕಾಗದಗಳನ್ನು ಸುಡು. ಸುಟ್ಟರೆ ಬಾಗಿಲಿಗೆ ಬರುವುದಿಲ್ಲ. ಸುಡದಿದ್ದರೆ 12ನೇ ತಾರೀಖು ಸಂಜೆಗೆ ನಾನು ಅಂಗಳದಲ್ಲಿರುತ್ತೇನೆ. ನನಗೆ ಇನ್ನು ಕಳೆದುಕೊಳ್ಳುವುದು ಏನೂ ಇಲ್ಲ.

*

ಟಾರ್ಪನ್ ಸ್ಪ್ರಿಂಗ್ಸ್
ಸೋಮವಾರ, ಮೇ 8

ಸರ್ಕಾರಿ ವಕೀಲರ ಕಚೇರಿಯಿಂದ ಬಂದಿದ್ದ ಹೆಂಗಸಿಗೆ,

ಈ ಚೀಟಿಯನ್ನು ಫಾದರ್ ಪೈಸಿಯೋಸರ ಕೈಯಲ್ಲಿ ಕಳುಹಿಸಿದ್ದೇನೆ. ಅವರೇ ಇದನ್ನು ಇಂಗ್ಲಿಷಿನಲ್ಲಿ ಓದಿ ಹೇಳುತ್ತಾರೆ.

ನೀವು ಹೋದ ವಾರ ನನ್ನ ಅತ್ತೆಯ ಸಾವಿನ ವಿಚಾರಣೆಗೆಂದು ಬಂದು ನನ್ನ ಅಡುಗೆಮನೆಯಲ್ಲಿ ಕೂತು ಎರಡು ಪ್ರಶ್ನೆ ಕೇಳಿದಿರಿ. ನನ್ನ ಗಂಡ ಬರೆದ ಕಾಗದಗಳನ್ನು ಕೊಡುತ್ತೇನೆಯೇ ಎಂಬುದು ಒಂದು. ಇದೇ ಗಂಡನ ಪರವಾಗಿ ಹಿಂದೆ ಸುಳ್ಳು ಪ್ರಮಾಣ ಮಾಡಿದ್ದನ್ನು ಅದೇ ಕೋರ್ಟಿನಲ್ಲಿ ನಿಂತು ಒಪ್ಪಿಕೊಳ್ಳುತ್ತೇನೆಯೇ, ಅದಕ್ಕೆ ನನಗೂ ಶಿಕ್ಷೆಯಾಗಬಹುದು ಎಂಬುದು ಇನ್ನೊಂದು. ಯೋಚಿಸಿ ಹೇಳುತ್ತೇನೆ ಎಂದು ನಿಮ್ಮನ್ನು ಕಳುಹಿಸಿದೆ. ಶನಿವಾರ ಅವನ ಇನ್ನೊಂದು ಕಾಗದ ಬಂತು. ಅದರಲ್ಲಿ ತನ್ನ ತಾಯಿ ಈ ಮನೆಯಲ್ಲಿದ್ದದ್ದು ಗೊತ್ತಿದ್ದರೆ ಕುದಿಸು ಎಂದು ಹೇಳುತ್ತಿರಲಿಲ್ಲ ಎಂದು ಬರೆದಿದ್ದಾನೆ. ನಾನೊಬ್ಬಳೇ ಇದ್ದಿದ್ದರೆ ಹೇಳುತ್ತಿದ್ದ. ಇದನ್ನು ನಾನು ಅವನ ಬಾಯಲ್ಲಿ ಹಾಕಿದ್ದಲ್ಲ, ಅವನ ಕೈಬರಹವೇ ಇದೆ.

ನನ್ನ ಅತ್ತೆ ಥೆಮೆಲಿನಾ ಸತ್ತ ನಲವತ್ತನೆಯ ದಿನ ಬರುವ ಭಾನುವಾರ. ಗೋಧಿ ಬೇಯಿಸಿ, ಸಕ್ಕರೆ ದಾಳಿಂಬೆ ಬೆರೆಸಿ ಚರ್ಚಿಗೆ ಒಯ್ಯಬೇಕು. ಆ ಗೋಧಿಯನ್ನು ಬಾಯಲ್ಲಿ ಸುಳ್ಳು ಇಟ್ಟುಕೊಂಡು ಹಂಚುವುದು ನನ್ನಿಂದಾಗದು. ನನಗೆ ಶಿಕ್ಷೆಯಾದರೆ ಆಗಲಿ.

ಉತ್ತರವನ್ನು ನಾನೇ ಗ್ರೀಕಿನಲ್ಲಿ ಬರೆದು ಸಹಿ ಹಾಕಿದ್ದೇನೆ. ಒಂಬತ್ತು ಹಾಳೆ. ಕಾಗದಗಳೂ ಅದರ ಜೊತೆ ನನ್ನ ಹತ್ತಿರವೇ ಇವೆ, ನಿಮ್ಮವರ ಕೈಗಲ್ಲದೆ ಬೇರೆ ಯಾರಿಗೂ ಕೊಡುವುದಿಲ್ಲ. ಅಂಚೆಗೆ ಹಾಕಲು ಧೈರ್ಯವಿಲ್ಲ, ಹೊತ್ತೂ ಇಲ್ಲ. ಶುಕ್ರವಾರ ಅವನನ್ನು ಬಿಡುತ್ತಾರೆ. ಗುರುವಾರ ಮಧ್ಯಾಹ್ನದೊಳಗೆ ಯಾರನ್ನಾದರೂ ಕಳುಹಿಸಿ, ನನ್ನ ಉತ್ತರವನ್ನು ಕೈಯಿಂದ ಕೈಗೆ ತೆಗೆದುಕೊಂಡು ಹೋಗಲಿ.